ದೊಡ್ಡಪ್ಪನ ಪೇಸ್‌ಮೇಕರ್

ಕೇಳುಗರಿಗೆ ನಮಸ್ಕಾರ.

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ದೊಡ್ಡಮ್ಮನ ಕಪಾಟಿನಲ್ಲಿ, ದೊಡ್ಡಪ್ಪನ ಕನ್ನಡಕದ ಪಕ್ಕ, ಒಂದು ಸ್ಟೀಲ್ ಡಬ್ಬಿ ಇದೆ. ಅದರೊಳಗೆ ಬೆಂಕಿಪೊಟ್ಟಣದಷ್ಟು ಚಿಕ್ಕ, ಅಂಚು ಉರುಟಾದ ಲೋಹದ ಬಿಲ್ಲೆ. ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳಲು ದೊಡ್ಡಪ್ಪನ ಎದೆಯಲ್ಲಿ ಇಟ್ಟಿದ್ದ ಪೇಸ್‌ಮೇಕರ್ ಅದು.

ಅದನ್ನು ಹಾಕಿಸಿಕೊಂಡ ಮೇಲೆ ಅವರು ಮೊಬೈಲನ್ನು ಬಲಗಿವಿಗೇ ಹಿಡಿಯುತ್ತಿದ್ದರು. ಎಡಗಡೆಯ ಉಬ್ಬನ್ನು ಮೊಮ್ಮಕ್ಕಳಿಗೆ ಮುಟ್ಟಿಸಿ, "ಒಳಗೆ ಮೆಷಿನ್ ಉಂಟು, ನೋಡು" ಎನ್ನುತ್ತಿದ್ದರು. ತೀರಿಕೊಂಡ ದಿನ, ಸ್ಮಶಾನಕ್ಕೆ ಒಯ್ಯುವ ಮೊದಲು, ವೈದ್ಯರು ಅದನ್ನು ತೆಗೆದುಕೊಟ್ಟರು. ಚಿತೆಯ ಬೆಂಕಿಗೆ ಬ್ಯಾಟರಿ ಸಿಡಿಯುತ್ತದಂತೆ. ಹತ್ತು ವರ್ಷ ಬಾಳುತ್ತದೆ ಎಂದು ಹೇಳಿದ್ದರು, ಹಾಕಿಸಿ ಎರಡೇ ವರ್ಷವಾಗಿತ್ತು.

ಮನುಷ್ಯನೂ ಯಂತ್ರವೂ ಒಂದಾಗುವ ಕಾಲ ಬರಲಿದೆ, ಮುಪ್ಪಿಗೂ ಮದ್ದು ಸಿಗಲಿದೆ ಎಂಬ ಮಾತು ಈಗ ಜೋರಾಗಿದೆ. ಮನುಷ್ಯ ತನ್ನ ಮಿತಿಯನ್ನು ತಾನೇ ಮೀರಬಲ್ಲ ಎಂದು ಟ್ರಾನ್ಸ್‌ಹ್ಯೂಮನಿಸಂ ಎಂಬ ಹೆಸರಿನಲ್ಲಿ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲೇ ಬರೆದಿದ್ದರು. ಮರುವರ್ಷವೇ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರ ಮೈಯೊಳಗೆ ಮೊತ್ತಮೊದಲ ಪೇಸ್‌ಮೇಕರ್ ಇಟ್ಟರು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಒಂದಾದ ಮೇಲೊಂದು ಬದಲಿಸಿಕೊಳ್ಳುತ್ತಾ ಅವರು 2001ರವರೆಗೆ, 86 ವರ್ಷ ಬಾಳಿದರು.

ಇಂಥ ಆಯುಸ್ಸನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನೂರೈವತ್ತು ವರ್ಷ ಬದುಕುವ ಕನಸಿಗೆ ಹಣ ಹೊಳೆಯಾಗಿ ಹರಿಯುತ್ತಿದೆ. ಅರುವತ್ತು ವರ್ಷಕ್ಕೂ ಹಿಂದೆ ಕಂಡುಹಿಡಿದ ಈ ಪುಟ್ಟ ಬಿಲ್ಲೆಯನ್ನು ಕೊಳ್ಳಲಾಗದೆ ಸಾಯುವವರು ಇನ್ನೂ ಇದ್ದಾರೆ. ಆಯುಸ್ಸು ಹೆಚ್ಚಿಸುವ ವಿದ್ಯೆಯೆಲ್ಲ ದುಡ್ಡಿದ್ದವರ ಪಾಲಾದರೆ, ಸಾವೆನ್ನುವುದು ಬಡವರ ಮನೆಯ ಕಾಯಿಲೆಯಾಗಿಬಿಡುತ್ತದೆ.

ಇದೇ ಮುಂಬಯಿಯಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಅಮೆರಿಕದಲ್ಲಿ ತೀರಿಕೊಂಡವರ ಪೇಸ್‌ಮೇಕರ್‌ಗಳನ್ನು ಮನೆಯವರ ಒಪ್ಪಿಗೆ ಪಡೆದು ತೆಗೆದು, ಬ್ಯಾಟರಿ ಸಾಕಷ್ಟು ಉಳಿದವನ್ನು ಆರಿಸಿ, ಶುದ್ಧಿಮಾಡಿ, ಇಲ್ಲಿನ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಹಾಕಿದರು. ಸೋಂಕು ತಗಲಲಿಲ್ಲ, ಸಾಧನ ಕೈಕೊಡಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಕಂಡರಿಯದ ಯಾರದೋ ಎದೆಯಲ್ಲಿದ್ದದ್ದು ನಮ್ಮ ಊರಿನವರ ಎದೆಯಲ್ಲಿ ಮತ್ತೆ ಕೆಲಸಕ್ಕೆ ಕೂತಿತು. ಮನುಷ್ಯ ಯಂತ್ರದೊಂದಿಗೆ ಸೇರುವುದಾದರೆ ಹೀಗೆ ಸೇರಲಿ ಎನ್ನುವವನು ನಾನು.

ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಅವರು ಡಬ್ಬಿ ತೆರೆದು, ಸೆರಗಿನ ತುದಿಯಿಂದ ಬಿಲ್ಲೆಯನ್ನು ಒರೆಸಿ, ನನ್ನ ಅಂಗೈಯಲ್ಲಿಟ್ಟರು.

"ಹಾಗಾದರೆ ಇದರಲ್ಲಿ ಇನ್ನೂ ಎಂಟು ವರ್ಷ ಉಂಟಲ್ಲ, ಮಗಾ? ಯಾರಿಗಾದರೂ ಆಗ್ತದಾ ಕೇಳು."

ಸೋಮವಾರ ದೊಡ್ಡಪ್ಪನನ್ನು ನೋಡುತ್ತಿದ್ದ ವೈದ್ಯರ ಬಳಿ ಹೋಗುತ್ತಿದ್ದೇನೆ. ಡಬ್ಬಿ ನನ್ನ ಚೀಲದಲ್ಲಿದೆ.

ನಮಸ್ಕಾರ.