ವೈನಿನೊಳಗಿನ ಲೋಳೆ

ಕೇಳುಗರಿಗೆ ನಮಸ್ಕಾರ. ಬೆಂಡೆಕಾಯಿ ಹೆಚ್ಚುವಾಗ ಚಾಕುವಿಗೆ ಅಂಟಿ ಎಳೆಎಳೆಯಾಗಿ ಜಗ್ಗುವ ಲೋಳೆ ಎಲ್ಲರಿಗೂ ಗೊತ್ತು. ವೈನಿನಲ್ಲೂ ಒಮ್ಮೊಮ್ಮೆ ಅಂಥದೇ ಲೋಳೆ ಹುಟ್ಟುತ್ತದೆ. ಆ ವೈನನ್ನು ಲೋಟಕ್ಕೆ ಬಗ್ಗಿಸಿದರೆ ಸದ್ದೇ ಇರುವುದಿಲ್ಲ, ಎಣ್ಣೆಯ ಹಾಗೆ ಜಾರುತ್ತದೆ. ರುಚಿ ಅಷ್ಟೇನೂ ಕೆಟ್ಟಿರುವುದಿಲ್ಲ, ಆದರೆ ಬಾಯಿಗಿಡಲು ಮನಸ್ಸು ಬಾರದು.

ಇದು ಪೀಡಿಯೋಕಾಕಸ್ ಪಾರ್ವುಲಸ್ ಎಂಬ ಬ್ಯಾಕ್ಟೀರಿಯದ ಕೆಲಸ. ಗ್ಲೂಕೋಸನ್ನು ಒಂದಕ್ಕೊಂದು ಪೋಣಿಸಿ ಬೀಟಾ-ಗ್ಲೂಕಾನ್ ಎಂಬ ಪಾಲಿಸ್ಯಾಕರೈಡ್ ಮಾಡಿ ಮೈಸುತ್ತ ಹೊದ್ದುಕೊಳ್ಳುತ್ತದೆ. ನಮಗೆ ಕಾಟ, ಅದಕ್ಕೆ ಕಂಬಳಿ. ಬ್ಯಾಕ್ಟೀರಿಯ ಕೊಲ್ಲಲು ಮೊಟ್ಟೆಯ ಬಿಳಿಭಾಗದಿಂದ ತೆಗೆದ ಲೈಸೋಜೈಮ್ ಹಾಕುತ್ತಾರಲ್ಲ, ಈ ಹೊದಿಕೆ ಇದ್ದರೆ ಅದೂ ಸರಿಯಾಗಿ ನಾಟುವುದಿಲ್ಲ. ಮೊದಲು ಗ್ಲೂಕನೇಸ್ ಕಿಣ್ವ ಹಾಕಿ ಹೊದಿಕೆ ಕಳಚಬೇಕು. ಲೋಳೆ ಇರುವಾಗಲೇ ಸೋಸಲು ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಜೋರಾಗಿ ಕಲಕಿ ಎಳೆ ಮುರಿದು, ಬ್ಯಾಕ್ಟೀರಿಯ ತಡೆಯುವ ಸಲ್ಫರ್ ಡೈಆಕ್ಸೈಡ್ ಕೊಟ್ಟು, ಆಮೇಲೆ ಸೋಸುವುದು ಸರಿಯಾದ ಕ್ರಮ.

ಇನ್ನು ಬೇಕಾದ ಬ್ಯಾಕ್ಟೀರಿಯ, ಈನೋಕಾಕಸ್ ಈನಿ. ಇದು 1 ಗ್ರಾಂ ಮ್ಯಾಲಿಕ್ ಆಮ್ಲವನ್ನು ಸುಮಾರು 0.67 ಗ್ರಾಂ ಲ್ಯಾಕ್ಟಿಕ್ ಆಮ್ಲವಾಗಿಸಿ ಹುಳಿಯ ಚುರುಕು ಇಳಿಸುತ್ತದೆ. 1995ರವರೆಗೂ ಇದನ್ನು ಲ್ಯೂಕೋನೋಸ್ಟಾಕ್ ಗುಂಪಿನಲ್ಲೇ ಇಟ್ಟಿದ್ದರು. ನಮ್ಮ ಇಡ್ಲಿ ಹಿಟ್ಟು ಹುದುಗಿಸುವುದೂ ಆ ಗುಂಪಿನದೇ. ಈನಿಯ ಹಲವು ತಳಿಗಳು ಗ್ಲೂಕೋಸ್, ಗ್ಯಾಲಕ್ಟೋಸ್, ರ‍್ಯಾಮ್ನೋಸ್ ಬೆರೆಸಿ ತೆಳುವಾದ ಹೊದಿಕೆ ಹೆಣೆಯುತ್ತವೆ. ಸಕ್ಕರೆ, ಅಂದರೆ ಸುಕ್ರೋಸ್, ಸಿಕ್ಕರೆ ಕೆಲವು ಡೆಕ್ಸ್ಟ್ರಾನ್ ಎಂಬ ಇನ್ನೊಂದು ಪಾಲಿಸ್ಯಾಕರೈಡನ್ನೂ ಮಾಡುತ್ತವೆ. ಸಾಮಾನ್ಯವಾಗಿ ಇದು ವೈನ್ ನೂಲೆಳೆಯುವಷ್ಟು ಇರುವುದಿಲ್ಲ.

ಈ ಹೊದಿಕೆಯ ಬೆಲೆ ತಿಳಿಯುವುದು, ವೈನಿಗೆ ಹಾಕಲೆಂದು ಈನಿಯನ್ನು ಪುಡಿ ಮಾಡುವಾಗ. ಬ್ಯಾಕ್ಟೀರಿಯವನ್ನು ಹೆಪ್ಪುಗಟ್ಟಿಸಿ ಒಣಗಿಸುವಾಗ ಮಂಜಿನ ಹರಳೂ ನೀರಿನ ನಷ್ಟವೂ ಜೀವಕೋಶದ ಪೊರೆಯನ್ನು ಹರಿಯುತ್ತವೆ. ಇಂಥ ಪಾಲಿಸ್ಯಾಕರೈಡ್ ಜೊತೆಗಿದ್ದರೆ ಹೆಚ್ಚು ಕೋಶಗಳು ಬದುಕಿ ಉಳಿಯುತ್ತವೆ.

ಆ ಪುಡಿಯನ್ನು ಬೆಂಗಳೂರಿನ ನಲ್ಲಿ ನೀರಿಗೆ ನೇರ ಸುರಿದರೆ ಮಾತ್ರ ಎಲ್ಲ ದಂಡ: ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಮುಚ್ಚಳ ತೆಗೆದು ಕುದಿಸಿ ಆರಿಸಿದ ನೀರು, ಪುಡಿಯ ತೂಕದ 20 ಪಟ್ಟು, 20ರಿಂದ 25 ಡಿಗ್ರಿ. ನೆನೆಸುವುದು 15 ನಿಮಿಷ ಮೀರಬಾರದು. ವೈನ್ 18ರಿಂದ 22 ಡಿಗ್ರಿಯಲ್ಲಿರಲಿ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ 3.2ಕ್ಕಿಂತ ಕೆಳಗಿಳಿಯದಿರಲಿ, ಬೇರಾವುದಕ್ಕೂ ಅಂಟಿಕೊಳ್ಳದೆ ಉಳಿದ (ಫ್ರೀ) ಸಲ್ಫರ್ ಡೈಆಕ್ಸೈಡ್ ಲೀಟರಿಗೆ 10 ಮಿಲಿಗ್ರಾಂ ದಾಟದಿರಲಿ.

ಮ್ಯಾಲಿಕ್ ಆಮ್ಲ ಮುಗಿದ ಕೂಡಲೇ ಸಲ್ಫರ್ ಡೈಆಕ್ಸೈಡ್ ಕೊಡಿ. ಹುಳಿ ಇಳಿದು ಪಿಎಚ್ 3.5 ದಾಟಿದರೆ, ಆ ಪೀಡಿಯೋಕಾಕಸ್ ಅಲ್ಲೇ ಕಾಯುತ್ತಿರುತ್ತದೆ.