ಗೋಪುರದ ಮೇಲೆ ದೀಪ ಹಚ್ಚಿದವನು

ಕೇಳುಗರಿಗೆಲ್ಲ ನಮಸ್ಕಾರ.

ಮಾಸ್ಕೋದಲ್ಲಿ ಸುಖರೇವ್ ಗೋಪುರ ಅಂತ ಒಂದು ಕಟ್ಟಡ ಇತ್ತು. ಮುನ್ನೂರು ವರ್ಷದ ಹಿಂದೆ, ರಾತ್ರಿ ಹೊತ್ತು ಅದರ ಮೇಲ್ಗಡೆ ದೀಪ ಕಂಡರೆ ಜನ ಹೆದರುತ್ತಿದ್ದರಂತೆ. ಒಳಗೊಬ್ಬ ಮಾಟಗಾರ ಇದ್ದಾನೆ, ಕಬ್ಬಿಣದ ಹಕ್ಕಿ ಏರಿ ಹಾರುತ್ತಾನೆ ಅಂತ ಊರಲ್ಲೆಲ್ಲ ಮಾತು. ಆ ಮಾಟಗಾರ ನಿಜಕ್ಕೂ ಫಿರಂಗಿ ದಳದ ಅಧಿಕಾರಿ. ದುರ್ಬೀನು ಹಿಡಿದು ನಕ್ಷತ್ರ ನೋಡುವ ಹುಚ್ಚು ಅವನಿಗೆ. ಹೆಸರು ಯಾಕೊವ್ ಬ್ರೂಸ್.

ಬ್ರೂಸ್ ಅನ್ನುವುದು ರಷ್ಯದ ಹೆಸರಿನಂತೆ ಕೇಳಿಸುವುದಿಲ್ಲ, ಅಲ್ವಾ? ಅದು ಸ್ಕಾಟ್ಲೆಂಡಿನ ಮನೆತನ. 17ನೇ ಶತಮಾನದಲ್ಲಿ ಅಲ್ಲಿ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಕಿರಿಯರು ಹೊಟ್ಟೆಪಾಡಿಗೆ ಕತ್ತಿ ಹಿಡಿದು ಸ್ವೀಡನ್, ಪೋಲೆಂಡ್, ರಷ್ಯ ಅಂತ ಸಂಬಳ ಸಿಕ್ಕ ಕಡೆ ದಂಡಿಗೆ ಸೇರುತ್ತಿದ್ದರು. ಯಾಕೊವ್‌ನ ತಂದೆ ವಿಲಿಯಂ ರಷ್ಯದ ಸೈನ್ಯದಲ್ಲಿದ್ದ. ಮಗ 1670ರ ಆಸುಪಾಸಿನಲ್ಲಿ ರಷ್ಯದಲ್ಲೇ ಹುಟ್ಟಿದ. ಮಾಸ್ಕೋದಲ್ಲಿ ವಿದೇಶಿಯರಿಗೆಂದೇ ಬೇರೆ ಕೇರಿ ಇತ್ತು. ಅದಕ್ಕೆ ನೆಮೆತ್ಸ್ಕಯಾ ಅಂತ ಹೆಸರು. ಆ ಹೆಸರಿನ ಬೇರು 'ಮೂಗ' ಅನ್ನುವ ರಷ್ಯನ್ ಮಾತಿನಲ್ಲಿದೆ. ರಷ್ಯನ್ ಮಾತು ಬಾರದವನು ಮೂಗನೇ ಅಂತ ಲೆಕ್ಕ!

ಹದಿಹರೆಯದಲ್ಲೇ ಬ್ರೂಸ್ ಕ್ರಿಮಿಯಾದ ದಂಡಯಾತ್ರೆಗೆ ಹೋದ. ಆಮೇಲೆ ಅಜೋವ್ ಕೋಟೆಯ ಮುತ್ತಿಗೆ. ರಷ್ಯದ ದೊರೆ ಪೀಟರ್‌ಗೆ ಅವನು ಬೇಗನೆ ಬೇಕಾದವನಾದ. 1697ರಲ್ಲಿ ಪೀಟರ್ ಹಾಲೆಂಡಿನಲ್ಲಿದ್ದಾಗ ಬ್ರೂಸ್ ಅಲ್ಲಿಗೆ ಬಂದ, ಮೈಮೇಲೆ ಸುಟ್ಟ ಗಾಯ ಹೊತ್ತುಕೊಂಡು. ಮಾಸ್ಕೋ ನೋಡಿಕೊಳ್ಳುತ್ತಿದ್ದ ರೊಮೊದನೊವ್‌ಸ್ಕಿಯ ಕೆಲಸ ಅದು ಅಂತ ದೂರು. ಪೀಟರ್ ರೊಮೊದನೊವ್‌ಸ್ಕಿಯನ್ನು ಮೃಗ ಅಂತಲೇ ಬೈದು ಕಾಗದ ಬರೆದ. ಬ್ರೂಸ್ ಕುಡಿದು ಮಾಡಿಕೊಂಡದ್ದು ಅಂತ ರೊಮೊದನೊವ್‌ಸ್ಕಿಯ ಉತ್ತರ. ಆ ಆಸ್ಥಾನದಲ್ಲಿ ಬದುಕಿ ಉಳಿಯುವುದೇ ಒಂದು ಯುದ್ಧ ಅನ್ನಿ.

1700ರಲ್ಲಿ ಸ್ವೀಡನ್ ಜೊತೆ ಯುದ್ಧ ಶುರುವಾಯಿತು. ಅದೇ ವರ್ಷ ನಾರ್ವಾ ಕೋಟೆಯ ಹತ್ತಿರ ಸ್ವೀಡನ್ನರು ರಷ್ಯದ ಸೈನ್ಯವನ್ನು ಬಗ್ಗುಬಡಿದರು. ಫಿರಂಗಿಗಳೆಲ್ಲ ಶತ್ರುವಿನ ಪಾಲಾದವು. ಫಿರಂಗಿ ದಳದ ಮುಖ್ಯಸ್ಥನೇ ಸೆರೆಯಾದ. ಚರ್ಚುಗಳ ಗಂಟೆ ಇಳಿಸಿ, ಕರಗಿಸಿ, ಹೊಸ ಫಿರಂಗಿ ಎರಕ ಹೊಯ್ಯಬೇಕಾಯಿತು. ಆ ದಳದ ಹೊಣೆ ಕೊನೆಗೆ ಬ್ರೂಸ್ ಹೆಗಲಿಗೆ ಬಿತ್ತು.

ಫಿರಂಗಿ ಜಾಸ್ತಿ ಇದ್ದರೆ ಸಾಕು ಅಂತ ನಮಗೆ ಅನ್ನಿಸಬಹುದು. ಆದರೆ ಒಂದೊಂದರ ಬಾಯಿ ಒಂದೊಂದು ಅಳತೆಯಾದರೆ? ಈ ಗುಂಡು ಅದಕ್ಕೆ ಕೂರದು, ಆ ಗುಂಡು ಇದಕ್ಕೆ ಹೋಗದು. ಗಾಡಿಯಲ್ಲಿ ರಾಶಿ ಗುಂಡಿದ್ದೂ ಕೈಗೆ ಬೇಕಾದ್ದು ಸಿಗದು. ಬ್ರೂಸ್ ಇದನ್ನು ಒಂದು ಲೆಕ್ಕಕ್ಕೆ ತಂದ. ಎರಡು ಇಂಚು ಅಡ್ಡಳತೆಯ ಕಬ್ಬಿಣದ ಗುಂಡಿನ ತೂಕ ಒಂದು ಪೌಂಡು. ಉಳಿದ ಅಳತೆಯೆಲ್ಲ ಅದರಿಂದಲೇ. ನನ್ನ ಮಟ್ಟಿಗೆ ಅವನ ದೊಡ್ಡ ಗೆಲುವು ಇದೇ.

1708ರಲ್ಲಿ ಲೆಸ್ನಾಯಾದಲ್ಲಿ ಸ್ವೀಡನ್ನರ ಸಾಮಾನಿನ ಗಾಡಿಗಳು ಅವರ ಕೈತಪ್ಪಿ ಹೋದವು, ಮದ್ದುಗುಂಡಿನ ಸಮೇತ. ಆ ಕಾಳಗದಲ್ಲೂ ಬ್ರೂಸ್ ಇದ್ದ. ಮಾರನೇ ವರ್ಷ ಪೊಲ್ಟಾವಾ. ಸ್ವೀಡನ್ನರು ಬಯಲಿಗೆ ತಂದ ಫಿರಂಗಿ ನಾಲ್ಕೇ ನಾಲ್ಕು. ಬ್ರೂಸ್ ಕೈಕೆಳಗೆ ಅದರ ಹತ್ತಾರು ಪಟ್ಟು. ಬೆಳಗಿನ ಹೊತ್ತಿಗೇ ತೀರ್ಮಾನ ಆಗಿಹೋಯಿತು.

ಆಮೇಲಿನ ಬಡ್ತಿ, ಬಿರುದುಗಳನ್ನು ಬಿಡಿ. 1721ರಲ್ಲಿ ನಿಸ್ಟಾಡ್‌ನಲ್ಲಿ ಸ್ವೀಡನ್ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಅದೇ ವರ್ಷ ಕೌಂಟ್ ಅನ್ನುವ ಶ್ರೀಮಂತ ಪದವಿಯೂ ಸಿಕ್ಕಿತು.

ಇನ್ನು ಗೋಪುರದ ವಿಷಯ. 1701ರಲ್ಲಿ ನೌಕಾಯಾನ ಕಲಿಸುವ ಶಾಲೆ ಶುರುವಾಯಿತು. ಅದು ಸೇರಿದ್ದು ಇದೇ ಸುಖರೇವ್ ಗೋಪುರವನ್ನು. ಗಣಿತ ಹೇಳಿಕೊಡಲು ಬಂದ ಫಾರ್ಕರ್‌ಸನ್ ಕೂಡ ಸ್ಕಾಟ್ಲೆಂಡಿನವನೇ. ಮೇಲೆ ಬ್ರೂಸ್‌ನ ವೀಕ್ಷಣಾಲಯ. ಅವನ ಮೇಲ್ವಿಚಾರಣೆಯಲ್ಲಿ ಒಂದು ಪಂಚಾಂಗವೂ ಅಚ್ಚಾಯಿತು. ಗ್ರಹಗತಿಯ ಜೊತೆಗೆ ಭವಿಷ್ಯವೂ ಅದರಲ್ಲಿತ್ತು. ಜನರಿಗೆ ಇನ್ನೇನು ಬೇಕು? ಮಾಟಗಾರ ಅಂತ ಹೆಸರು ಗಟ್ಟಿಯಾಯಿತು.

1726ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯೊಂದಿಗೆ ನಿವೃತ್ತನಾಗಿ ಮಾಸ್ಕೋ ಹತ್ತಿರದ ಗ್ಲಿಂಕಿ ಅನ್ನುವ ತನ್ನ ಎಸ್ಟೇಟಿಗೆ ಹೋದ. ಕತೆಗಳೂ ಹಿಂದೆಯೇ ಹೋದವು. ಸುಡುಬೇಸಗೆಯಲ್ಲಿ ಮನೆ ಮುಂದಿನ ಕೊಳವನ್ನು ಹೆಪ್ಪುಗಟ್ಟಿಸಿ, ನೆಂಟರಿಗೆ ಐಸ್ ಮೇಲೆ ಜಾರಾಡಿ ಅಂದನಂತೆ.

1735ರಲ್ಲಿ ತೀರಿಕೊಂಡ. ಸುಮಾರು 1500 ಪುಸ್ತಕ, ಜೊತೆಗೆ ಉಪಕರಣಗಳು ವಿಜ್ಞಾನ ಅಕಾಡೆಮಿಗೆ ಸೇರಿದವು. ಗೋಪುರವನ್ನು 1934ರಲ್ಲಿ ಕೆಡವಿದರು. ಅವನ ಮಂತ್ರದ ಪುಸ್ತಕ ಅದರ ಗೋಡೆಯೊಳಗೆ ಅಡಗಿದೆ ಅಂತ ಅಲ್ಲಿಯವರೆಗೂ ನಂಬಿದವರಿದ್ದರಂತೆ.

ನಮಸ್ಕಾರ.