ಒಂದೇ ಬೆರಳು ಸಾಕಿತ್ತು

ಕೇಳುಗರಿಗೆ ನಮಸ್ಕಾರ.

1980ರ ಅಕ್ಟೋಬರ್ ತಿಂಗಳು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯೂಮನ್ ಲೀಗ್ ಅನ್ನೋ ಸಂಗೀತ ತಂಡ ಒಡೆದು ಹೋಗಿತ್ತು. ತಂಡ ಕಟ್ಟಿದ್ದ ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್ ಹೊರಗೆ ನಡೆದಿದ್ದರು. ವಾದ್ಯ ಬಲ್ಲವರೇ ಅವರಿಬ್ಬರು. ಉಳಿದದ್ದು ಹಾಡುಗಾರ ಫಿಲ್ ಓಕಿ, ಮತ್ತೆ ವೇದಿಕೆ ಮೇಲೆ ಸ್ಲೈಡ್ ತೋರಿಸುತ್ತಿದ್ದ ಒಬ್ಬ ಗೆಳೆಯ. ಪ್ರವಾಸಕ್ಕೆ ಮಾತು ಕೊಟ್ಟಾಗಿತ್ತು. ಟಿಕೆಟ್ ಮಾರಾಟವೂ ಶುರುವಾಗಿತ್ತು.

ಓಕಿ ಏನು ಮಾಡಿದ? ರಾತ್ರಿ ಕ್ರೇಜಿ ಡೇಸಿ ಅನ್ನೋ ಡಿಸ್ಕೊಗೆ ಹೋದ. ಅಲ್ಲಿ ಇಬ್ಬರು ಹುಡುಗಿಯರು ಕುಣಿಯುತ್ತಿದ್ದರು. ಸೂಸನ್ ಸಲ್ಲಿಗೆ 17 ವರ್ಷ, ಜೊವಾನ್ ಕ್ಯಾಥರಾಲ್‌ಗೆ 18. ಇಬ್ಬರೂ ಇನ್ನೂ ಶಾಲೆಯಲ್ಲಿದ್ದರು. ತಂಡಕ್ಕೆ ಬರ್ತೀರಾ ಅಂತ ನೇರವಾಗಿ ಕೇಳಿಬಿಟ್ಟ. ತಮಾಷೆ ನೋಡಿ, ಅದೇ ಪ್ರವಾಸದ ಡಾನ್‌ಕ್ಯಾಸ್ಟರ್ ಕಾರ್ಯಕ್ರಮ ನೋಡೋಕೆ ಅವರು ಆಗಲೇ ಟಿಕೆಟ್ ತಗೊಂಡಿದ್ದರು. ಓಕಿ ಹುಡುಗಿಯರ ಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಒಪ್ಪಿಸಿದ. ಹಳೇ ಅಭಿಮಾನಿಗಳು ಮಾತ್ರ ಒಪ್ಪಲಿಲ್ಲ. ಪ್ರವಾಸದಲ್ಲಿ ಹುಡುಗಿಯರಿಗೆ ಬೈಗುಳವೇ ಜಾಸ್ತಿ ಸಿಕ್ಕಿತು.

ಶೆಫೀಲ್ಡ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಭದ್ರಾವತಿಯ ಹಾಗೆ ಅದೂ ಉಕ್ಕಿನ ಊರು. ಚಾಕು, ಚಮಚಗಳ ಮೇಲೆ ಆ ಊರಿನ ಹೆಸರು ಕೆತ್ತಿರುತ್ತಿತ್ತು. ಕಾರ್ಖಾನೆಗಳ ದೊಡ್ಡ ಸುತ್ತಿಗೆಯ ಸದ್ದು ರಾತ್ರಿಯೂ ಕೇಳಿಸುತ್ತಿತ್ತು ಅಂತ ಅಲ್ಲಿ ಬೆಳೆದವರು ಹೇಳುತ್ತಾರೆ. ಎಪ್ಪತ್ತರ ದಶಕದ ಕೊನೆಗೆ ಆ ಸದ್ದು ಕಡಿಮೆಯಾಗುತ್ತಾ ಬಂತು, ಕೆಲಸಗಳೂ ಹೋದವು. ಅದೇ ಹೊತ್ತಿಗೆ, ಕೀಲಿ ಒತ್ತಿದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಜಪಾನಿನ ಸಿಂಥಸೈಜರ್‌ಗಳು ಸಾಮಾನ್ಯ ಜನರ ಕೈಗೆಟಕುವ ಬೆಲೆಗೆ ಇಳಿದವು. ಪಂಕ್ ಅನ್ನೋ ಒರಟು ರಾಕ್ ಸಂಗೀತದ ಹುಡುಗರು ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಸ್ವರಗಳ ಗೊಂಚಲು, ಕಲಿತರೆ ಸಾಕು ಅನ್ನುತ್ತಿದ್ದರು. ಇಲ್ಲಿ ಅದೂ ಬೇಡ, ಒಂದು ಬೆರಳು ಇದ್ದರೆ ಆಯ್ತು. ತಂಡ ಕಟ್ಟುವಾಗ ವೇರ್ ಮತ್ತು ಮಾರ್ಷ್ ಕಂಪ್ಯೂಟರ್ ಆಪರೇಟರ್‌ಗಳು. ಓಕಿ ಆಸ್ಪತ್ರೆಯಲ್ಲಿ ರೋಗಿಗಳನ್ನು ತಳ್ಳಿಕೊಂಡು ಹೋಗುವ ಕೆಲಸದವನು. ಅವನಿಗೆ ಹಾಡೋಕೆ ಬರುತ್ತೋ ಇಲ್ವೋ ಯಾರಿಗೂ ಗೊತ್ತಿರಲಿಲ್ಲ. ನೋಡೋಕೆ ಚೆನ್ನಾಗಿದ್ದ, ಅಷ್ಟೇ. ಮನೆಯಲ್ಲಿ ಸಿಗಲಿಲ್ಲ ಅಂತ ವೇರ್ ಅವನ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದ, ತಂಡಕ್ಕೆ ಬಾ ಅಂತ.

ತಂಡ ಒಡೆದ ಮೇಲೆ ಓಕಿಗೆ ಮಾರ್ಟಿನ್ ರಷೆಂಟ್ ಅನ್ನೋ ನಿರ್ಮಾಪಕ ಸಿಕ್ಕಿದ. ಅವನ ಹತ್ತಿರ ಆಗಷ್ಟೇ ಬಂದಿದ್ದ ಲಿನ್ ಡ್ರಮ್ ಯಂತ್ರವಿತ್ತು. ನಿಜವಾದ ಡ್ರಮ್ಮಿನ ಸದ್ದನ್ನೇ ಕಂಪ್ಯೂಟರ್ ಚಿಪ್ಪಿನಲ್ಲಿ ಹಿಡಿದಿಟ್ಟ ಯಂತ್ರ ಅದು. ಎಷ್ಟು ಹೊತ್ತು ನಡೆದರೂ ತಾಳ ಒಂದು ಕೂದಲೆಳೆಯಷ್ಟೂ ಆಚೀಚೆ ಆಗದು. ಎಡಿನ್‌ಬರೋದ ಪಂಕ್ ತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದ ಜೋ ಕಾಲಿಸ್ ಸೇರಿಕೊಂಡ. ಅವನಿಗೂ ಗಿಟಾರ್ ಬಿಡಿಸಿ ಕೀಬೋರ್ಡ್ ಕೊಟ್ಟರು. 1981ರ ಅಕ್ಟೋಬರಿನಲ್ಲಿ ಡೇರ್ ಆಲ್ಬಂ ಬಂತು.

ಅದರ ಕೊನೇ ಹಾಡು ಡೋಂಟ್ ಯು ವಾಂಟ್ ಮಿ. ಓಕಿಗೆ ಅದು ಇಷ್ಟವೇ ಇರಲಿಲ್ಲ, ಅದಕ್ಕೇ ಕೊನೆಗೆ ತಳ್ಳಿದ್ದ. ಕಂಪನಿಯವರು ಬಿಡಿ ರೆಕಾರ್ಡಾಗಿ ತರಬೇಕು ಅಂತ ಹಟ ಹಿಡಿದರು. ಹಾಗಾದರೆ ಜೊತೆಗೊಂದು ದೊಡ್ಡ ಪೋಸ್ಟರ್ ಕೊಡಿ, ಕೊಂಡವರಿಗೆ ಮೋಸ ಆಗಬಾರದು ಅಂದನಂತೆ. ಅದು ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ಕೂತಿತು. ಅಮೆರಿಕದಲ್ಲಿ ಹಾಡಿನ ವಿಡಿಯೋಗಳನ್ನೇ ತೋರಿಸುತ್ತಿದ್ದ ಎಂಟಿವಿ ವಾಹಿನಿ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಅಲ್ಲಿ ವಿಡಿಯೋ ಓಡಿ ಓಡಿ, 1982ರ ಜುಲೈನಲ್ಲಿ ಅಮೆರಿಕದಲ್ಲೂ ಅದೇ ಒಂದನೇ ನಂಬರ್.

ಯಂತ್ರಗಳ ಮೇಲೆ ಸಿಟ್ಟೂ ಇತ್ತು. ಅದೇ ವರ್ಷ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರ್ ನಿಷೇಧಿಸಬೇಕು ಅಂತ ಠರಾವು ಮಾಡಿತು. ಕೆಲಸ ಹೋಗುತ್ತೆ ಅನ್ನೋ ಅವರ ಭಯ ಸುಳ್ಳಲ್ಲ. ಆದರೆ ಈ ಸಂಗೀತದಲ್ಲಿ ಜೀವ ಇಲ್ಲ ಅಂತ ಮೂಗು ಮುರಿದರಲ್ಲ, ಅದನ್ನು ನಾನು ಒಪ್ಪಲ್ಲ. ಆ ಹಾಡು ಮತ್ತೆ ಕೇಳಿ. ಮೊದಲು ಗಂಡಸು ಹಾಡುತ್ತಾನೆ, ನಿನ್ನನ್ನು ಮೇಲಕ್ಕೆ ತಂದವನು ನಾನೇ ಅನ್ನೋ ಜಂಬ. ಎರಡನೇ ಚರಣದಲ್ಲಿ ಸೂಸನ್ ಉತ್ತರ ಕೊಡುತ್ತಾಳೆ. ಅವಳು ಸಂಗೀತ ಕಲಿತವಳಲ್ಲ. ದನಿ ಸ್ವಲ್ಪ ಚಪ್ಪಟೆ, ಪಕ್ಕದ ಮನೆ ಹುಡುಗಿ ಮಾತಾಡಿದ ಹಾಗೆ. ಕೆಳಗೆ ಯಂತ್ರ ಗಡಿಯಾರದಂತೆ ನಡೆಯುತ್ತಿದೆ. ಪಳಗಿದ ಗಾಯಕಿ ಅಲ್ಲಿ ನಿಂತಿದ್ದರೆ ನಾವು ಅವಳ ವಿದ್ಯೆ ಕೇಳುತ್ತಿದ್ದೆವು. ಇಲ್ಲಿ ಹುಡುಗಿಯೇ ಕೇಳಿಸುತ್ತಾಳೆ, ಅಲ್ವಾ?

ಹೊರಗೆ ಹೋದ ಇಬ್ಬರೂ ಸುಮ್ನೆ ಕೂರಲಿಲ್ಲ. ಹೆವನ್ ಸೆವೆಂಟೀನ್ ಅಂತ ತಂಡ ಕಟ್ಟಿ ಗ್ಲೆನ್ ಗ್ರೆಗರಿಯನ್ನು ಹಾಡುಗಾರ ಮಾಡಿಕೊಂಡರು. ಹ್ಯೂಮನ್ ಲೀಗ್‌ಗೆ ಮೊದಲು ಅವರು ಬಯಸಿದ್ದೇ ಅವನನ್ನು. ಅವನು ಆಗ ಲಂಡನ್ನಿಗೆ ಹೋಗಿದ್ದ. ಅದಕ್ಕೇ ಆ ಚೀಟಿ ಓಕಿಯ ಬಾಗಿಲಿಗೆ ಅಂಟಿದ್ದು.

ಹ್ಯೂಮನ್ ಲೀಗ್ ನಲವತ್ತು ವರ್ಷ ಕಳೆದ ಮೇಲೂ ವೇದಿಕೆ ಹತ್ತಿದೆ. ಮಧ್ಯದಲ್ಲಿ ಓಕಿ. ಅಕ್ಕಪಕ್ಕದಲ್ಲಿ ಕ್ರೇಜಿ ಡೇಸಿಯಲ್ಲಿ ಕುಣಿಯುತ್ತಿದ್ದ ಅದೇ ಇಬ್ಬರು.

ನಮಸ್ಕಾರ.